ಚುಕ್ಕಿಯ ನಂತರದ್ದು

ಮಾರ್ಚ್ 3, ಸೋಮವಾರ

ಕೃತಕ ಕಾಲು ಮಾಡುವ ಕಾರ್ಯಾಗಾರದಿಂದ ಫೋನು. ಹೊಸ ಕತ್ತರಿಸುವ ಯಂತ್ರ ಬಂದಿದೆಯಂತೆ, ಹಳೆಯ ದಾಖಲೆಗಳನ್ನೆಲ್ಲ ಅದಕ್ಕೆ ಸಾಗಿಸಿಕೊಡಬೇಕಂತೆ. ಮೂರು ವರ್ಷದ ಹಿಂದೆ ಅವರಿಗೆ ಪ್ರೋಗ್ರಾಂ ಬರೆದುಕೊಟ್ಟವಳು ನಾನೇ. ಮೂರು ದಿನದ ಕೆಲಸ. ಒಪ್ಪಿಕೊಂಡೆ.

ಬೆಳಿಗ್ಗೆ ತಂಗಿ ಮತ್ತೆ ಅದೇ ಮಾತು ತೆಗೆದಳು. ನೆಲ ಓರೆಯಾಗಿದೆಯಂತೆ. ಮನೆಯದೂ, ಅಂಚೆ ಕಚೇರಿಯದೂ, ರಸ್ತೆಯ ಪಕ್ಕದ ಕಾಲುದಾರಿಯದೂ. ಹತ್ತು ತಿಂಗಳ ಹಿಂದೆ ಎಡಗಡೆಯ ಕೃತಕ ಕಾಲು ಬದಲಿಸಿ ಎರಡನೆಯದು ಹಾಕಿಸಿಕೊಂಡ ದಿನದಿಂದ ಇದೇ ರಾಗ. ಮೊದಲನೆಯದು ಚೆನ್ನಾಗಿತ್ತು ಅನ್ನುತ್ತಾಳೆ. ಅದು ಅಭ್ಯಾಸವಾಗಿತ್ತು, ಇದು ಇನ್ನೂ ಆಗಿಲ್ಲ, ಅಷ್ಟೇ ವ್ಯತ್ಯಾಸ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. ಹೋದ ತಿಂಗಳು ಪಕ್ಕದ ಕಟ್ಟಡದ ಗಾರೆಯವನ ಹತ್ತಿರ ರಸಮಟ್ಟ ಕೇಳಿ ತಂದು ಹಾಲಿನ ನಾಲ್ಕೂ ಕಡೆ ಇಟ್ಟು ತೋರಿಸಿದೆ. ಗುಳ್ಳೆ ನಟ್ಟನಡುವೆ ನಿಂತಿತ್ತು. "ನೆಲ ನೆಟ್ಟಗಿದ್ರೆ ನಾನೇ ಸೊಟ್ಟ ಅಂತಾಯ್ತು" ಎಂದು ನಕ್ಕಳು. ಇವತ್ತು ನಗಲಿಲ್ಲ. "ಓರೆ ಅಂದ್ರೆ ಹಾಗಲ್ಲ ಅಕ್ಕ, ಒಂಥರಾ" ಅಂದಳು. ಒಂಥರಾ ಎನ್ನುವುದು ಅಳತೆಯಲ್ಲ ಅಂದೆ.

28ಕ್ಕೆ ಅವಳ ಮೂರನೆಯ ನಡಿಗೆ ಪರೀಕ್ಷೆ. ಅಪಘಾತಕ್ಕೆ ಮೊದಲು ಹದಿಮೂರು ವರ್ಷ ಬೀದಿ ತಿರುಗಿ ಅಂಚೆ ಹಂಚಿದವಳು ಈಗ ಒಳಕೋಣೆಯಲ್ಲಿ ಕೂತು ಕಾಗದ ವಿಂಗಡಿಸುತ್ತಾಳೆ. ಚೀಲ ಹೊತ್ತು ಮೂರು ಕಿಲೋಮೀಟರನ್ನು ಐವತ್ತು ನಿಮಿಷದೊಳಗೆ ನಡೆದು ತೋರಿಸಿದರೆ ಹಳೆಯ ಬೀದಿಗಳು ಅವಳಿಗೆ ವಾಪಸ್ಸು. ಎರಡು ಸಲವೂ ಅರ್ಧ ದಾರಿಯಲ್ಲಿ ಸೊಂಟ ಹಿಡಿದುಕೊಂಡು ಕೂತಳು. ಮೂರಕ್ಕಿಂತ ಹೆಚ್ಚು ಅವಕಾಶ ಕೊಡುವುದಿಲ್ಲ.

ದಿನಕ್ಕೆ ನಲವತ್ತು ನಿಮಿಷ ಅಭ್ಯಾಸ ಎಂದು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಹೋದ ವಾರದ ಒಟ್ಟು ತೊಂಬತ್ತು. ಕೆಂಪು ಶಾಯಿಯಲ್ಲಿ ಬರೆದೆ.

ಮಾರ್ಚ್ 5, ಬುಧವಾರ

ದಾಖಲೆಗಳನ್ನು ಒಂದೇ ಪಟ್ಟಿಯಾಗಿ ತೆರೆದೆ. ಮುನ್ನೂರ ಹನ್ನೆರಡು ಕಾಲುಗಳು. ಯಂತ್ರಕ್ಕೆ ಹೋದ ಉದ್ದ, ಮಿಲಿಮೀಟರಿನಲ್ಲಿ. 410, 390, 430, 380, 400, 420.

ಎಷ್ಟು ಅಚ್ಚುಕಟ್ಟಾಗಿದೆ ಅನ್ನಿಸಿತು. ಮೊದಲು ಅನ್ನಿಸಿದ್ದು ಅದೇ, ಆದ್ದರಿಂದ ಬರೆದಿಡುತ್ತೇನೆ.

ಪಟ್ಟಿಯನ್ನು ಕೆಳಗೆ ಸರಿಸುತ್ತ ಹೋದೆ. ಎಲ್ಲವೂ ಸೊನ್ನೆಯಲ್ಲಿ ಮುಗಿಯುತ್ತಿದ್ದವು. ಕೊನೆಯವರೆಗೂ. ಮುನ್ನೂರ ಹನ್ನೆರಡು ಜನರ ಕಾಲು ಸರಿಯಾಗಿ ಸೆಂಟಿಮೀಟರಿನ ಗೆರೆಯ ಮೇಲೆಯೇ ಬಂದು ನಿಲ್ಲುವುದು ಸಾಧ್ಯವಿಲ್ಲ.

ಎದ್ದು ಅಡುಗೆಮನೆಗೆ ಹೋದೆ. ನಲ್ಲಿ ತಿರುಗಿಸಿದೆ. ನೀರು ಹಿಡಿಯದೆ ಮುಚ್ಚಿ ವಾಪಸ್ಸು ಬಂದೆ.

ಮಾರ್ಚ್ 6, ಗುರುವಾರ

ಸಿಕ್ಕಿತು. ಒಂದೇ ಸಾಲು.

ಪರದೆಯ ಮೇಲಿನ ಚೌಕದಲ್ಲಿ ಯಾರು ಏನು ಹೊಡೆದರೂ ಅದು ಪ್ರೋಗ್ರಾಮಿಗೆ ಅಕ್ಷರಗಳ ಸಾಲಾಗಿ ಬರುತ್ತದೆ. ಮೂರು, ಎಂಟು, ಒಂದು ಚುಕ್ಕಿ, ಒಂಬತ್ತು. ಕಣ್ಣಿಗೆ ಸಂಖ್ಯೆಯ ಹಾಗೆ ಕಾಣುತ್ತದೆ, ಆದರೆ ಇನ್ನೂ ಸಂಖ್ಯೆಯಲ್ಲ. ಅದನ್ನು ಸಂಖ್ಯೆ ಮಾಡುವುದು ನನ್ನ ಕೆಲಸ. ಪೂರ್ಣಾಂಕ ಮಾಡಬೇಕೋ, ದಶಮಾಂಶ ಇಟ್ಟುಕೊಳ್ಳಬೇಕೋ, ಅರ್ಥವಾಗದ್ದು ಬಂದರೆ ನಿಲ್ಲಿಸಿ ಕೇಳಬೇಕೋ, ಎಲ್ಲ ನಾನೇ ತೀರ್ಮಾನಿಸಬೇಕು. ಇದನ್ನು ನಾನು ಇಪ್ಪತ್ತೆರಡು ವರ್ಷದಿಂದ ಮಾಡುತ್ತಿದ್ದೇನೆ, ಹೊಸಬರಿಗೆ ಪಾಠವನ್ನೂ ಹೇಳಿದ್ದೇನೆ.

ಮೊದಲ ಸಲ ಬರೆದಾಗ ಚೌಕ ಮಿಲಿಮೀಟರಿನಲ್ಲಿ ಪೂರ್ಣಾಂಕ ಕೇಳುತ್ತಿತ್ತು. ಕಾರ್ಯಾಗಾರದಲ್ಲಿ ಅಳತೆ ತೆಗೆದುಕೊಳ್ಳುವಾಕೆ ಒಬ್ಬಳಿದ್ದಾಳೆ. ಕೊರಳಿನಲ್ಲಿ ಯಾವಾಗಲೂ ಟೇಪು ನೇತಾಡುವುದರಿಂದ ಎಲ್ಲರೂ ಟೇಪಕ್ಕ ಅನ್ನುತ್ತಾರೆ. ಅವಳ ಟೇಪು ಸೆಂಟಿಮೀಟರಿನದು. ಅವಳು ಚುಕ್ಕಿಯಿಟ್ಟು ಅಳತೆ ಹೊಡೆದಳು, ಪ್ರೋಗ್ರಾಂ ನಿಂತುಹೋಯಿತು. "ಚುಕ್ಕಿ ಹೊಡೆದ್ರೆ ಕೆಂಪಗಾಗಿ ಕೂತ್ಕೊಳುತ್ತೆ ಮೇಡಂ" ಎಂದು ಫೋನು ಮಾಡಿದಳು. ಭಾನುವಾರ ಮಧ್ಯಾಹ್ನ. ನಾನು ಕಾದಂಬರಿ ಓದುತ್ತಿದ್ದೆ. ಪುಟದ ನಡುವೆ ಬೆರಳಿಟ್ಟುಕೊಂಡೇ ಒಂದು ಕೈಯಲ್ಲಿ ತಿದ್ದಿದೆ. ನಾಲ್ಕು ನಿಮಿಷ ಹಿಡಿದಿರಬಹುದು.

ಚುಕ್ಕಿಗೆ ಮೊದಲಿರುವುದನ್ನು ಮಾತ್ರ ತೆಗೆದುಕೊ, ಪೂರ್ಣಾಂಕ ಮಾಡು, ಹತ್ತರಿಂದ ಗುಣಿಸು. 38.9 ಮೊದಲು 38 ಆಗಿ ಆಮೇಲೆ 380 ಆಗುತ್ತದೆ. ಮೊದಲು ಹತ್ತರಿಂದ ಗುಣಿಸಿದ್ದರೆ 389. ಒಂದರಿಂದ ಒಂಬತ್ತು ಮಿಲಿಮೀಟರಿನ ತನಕ ಗಿಡ್ಡ, ಯಾವಾಗಲೂ ಗಿಡ್ಡವೇ, ಒಂದು ಸಲವೂ ಉದ್ದವಲ್ಲ. ಯಂತ್ರ ಕತ್ತರಿಸಿದ್ದನ್ನು ಚೀಟಿಯ ಜೊತೆ ಹೋಲಿಸಿ ನೋಡುತ್ತಾರೆ. ಚೀಟಿಯಲ್ಲಿ 380, ಕಾಲು 380, ಸರಿ ಎಂದು ಗೀಟು ಹಾಕುತ್ತಾರೆ. ಆ ಚೀಟಿ ಅಚ್ಚುಹಾಕುವುದೂ ನನ್ನ ಪ್ರೋಗ್ರಾಮೇ.

ಸಾಲಿನ ಪಕ್ಕದಲ್ಲಿ ನಾನು ಬರೆದ ಟಿಪ್ಪಣಿ ಹಾಗೇ ಇದೆ: "ಟೇಪಕ್ಕನ ಚುಕ್ಕಿಗಳು. ಕತ್ತರಿಸು."

ಮಾರ್ಚ್ 7, ಶುಕ್ರವಾರ

ಬಂದದ್ದನ್ನು ಬಂದ ಹಾಗೇ ಒಂದು ಕಡೆ ಇಟ್ಟಿರುವುದು ನನ್ನ ಪದ್ಧತಿ. ಟೇಪಕ್ಕ ಹೊಡೆದ ಅಕ್ಷರಗಳು ಮೂರು ವರ್ಷದಿಂದ ಪಕ್ಕದ ಕಾಲಮ್ಮಿನಲ್ಲೇ ಇವೆ. ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ.

ತಂಗಿಯದು 38.9. ನಿನ್ನೆ ಬರೆದದ್ದು ಉದಾಹರಣೆಗೆಂದು ಆರಿಸಿಕೊಂಡ ಸಂಖ್ಯೆಯಲ್ಲ.

ಮಾರ್ಚ್ 10, ಸೋಮವಾರ

ಎರಡು ದಿನ ಬರೆಯಲಿಲ್ಲ. ಅವಳಿಗೆ ಹೇಳಿಲ್ಲ. ಕಾರ್ಯಾಗಾರಕ್ಕೂ ಹೇಳಿಲ್ಲ.

ಒಂದು ಪ್ರಶ್ನೆ ಕೊರೆಯುತ್ತಿತ್ತು. ಮೊದಲ ಎರಡು ವರ್ಷದಲ್ಲಿ ಇನ್ನೂರ ಮೂವತ್ತೊಂದು ಕಾಲುಗಳು ಹೋಗಿವೆ, ದೂರು ನಾಲ್ಕೈದು. ಆಮೇಲಿನ ಒಂದು ವರ್ಷದಲ್ಲಿ ಎಂಬತ್ತೊಂದು ಕಾಲು, ದೂರು ಅರವತ್ತಕ್ಕೂ ಮೇಲೆ. ತಪ್ಪು ಎರಡೂ ಕಡೆ ಒಂದೇ. ನಡುವೆ ಆದ ಬದಲಾವಣೆ ಎಂದರೆ ಕಾಲು ಜೋಡಿಸುತ್ತಿದ್ದ ಹಳೆಯ ಮೇಸ್ತ್ರಿ ಕೆಲಸ ಬಿಟ್ಟದ್ದು. ಅವರ ಮನೆ ಹುಡುಕಿಕೊಂಡು ಹೋದೆ. ಮಗಳ ಮನೆಯ ಮೆಟ್ಟಿಲಿನ ಮೇಲೆ ಕೂತು ಕೊಡೆ ರಿಪೇರಿ ಮಾಡುತ್ತಿದ್ದರು.

ಕಾಲುಗಳು ಗಿಡ್ಡ ಬರುತ್ತಿದ್ದವೇ ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ. ಕೊಡೆಯ ಕಡ್ಡಿ ಬಿಟ್ಟು ನನ್ನ ಮುಖ ನೋಡಿದರು.

"ಬರ್ತಿತ್ತು. ಗರಗಸ ತಿನ್ನುತ್ತೆ ಅಂದ್ಕೊಂಡೆ. ಆದ್ರೆ ಗರಗಸ ದಿನಕ್ಕೊಂದು ಥರ ತಿನ್ನಲ್ವಲ್ಲ ಮೇಡಂ. ಆಮೇಲೆ ಗೊತ್ತಾಯ್ತು, ಗರಗಸ ಅಲ್ಲ, ಜೋಡಿಸೋ ನನ್ನ ಕೈ ಅಂತ."

ಯಾರಿಗಾದರೂ ಹೇಳಿದಿರಾ ಅಂದೆ.

"ಹೇಳಿದ್ರೆ ಮನೆಗೆ ಕಳಿಸ್ತಾರೆ. ಸುಮ್ನೆ ಪಾದದ ಕೆಳಗೆ ಕಾರ್ಕ್ ಹಾಳೆ ಇಟ್ಟು ಸರಿ ಮಾಡಿ ಕಳಿಸ್ತಿದ್ದೆ. ಎರಡು ವರ್ಷ ಹಾಗೇ ನಡೀತು. ಕೊನೆಗೆ ನನಗೇ ಸಾಕಾಯ್ತು. ಕೈ ಹೋದ ಮೇಲೆ ಇನ್ನೊಬ್ಬರ ಕಾಲು ಮುಟ್ಟಬಾರದು ಅಂತ ಬಿಟ್ಟೆ."

ಎಷ್ಟು ಹಾಳೆ ಇಡಬೇಕು ಎಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ. ಅಳತೆಯ ಒಂದು ವಿಧಾನವನ್ನು ನಿರೀಕ್ಷಿಸಿದ್ದೆ.

"ಕೇಳೋದು. ನಾಲ್ಕು ಹೆಜ್ಜೆ ಹಾಕಿ, ನೆಲ ಹೇಗಿದೆ ಅಂತ. ಓರೆ ಅಂದ್ರೆ ಇನ್ನೊಂದು ಹಾಳೆ. ಸರಿ ಅಂದ್ರೆ ಮುಗೀತು."

ಅಲ್ಲೇ ಹೇಳಬೇಕಿತ್ತು, ನಿಮ್ಮ ಕೈಯಲ್ಲ ಎಂದು. ಬದಲಿಗೆ, ಉಳಿದಿದ್ದ ಹಾಳೆಗಳಿದ್ದರೆ ಕೊಡಿ ಅಂದೆ. ಕಟ್ಟನ್ನೇ ಕೊಟ್ಟರು. ಮೂರು ಮಿಲಿಮೀಟರು ದಪ್ಪ, ಹದಿನಾಲ್ಕು ಹಾಳೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ. ಇಳಿಯಬೇಕಾದಲ್ಲಿ ಇಳಿಯದೆ ಎರಡು ನಿಲ್ದಾಣ ದಾಟಿ ಇಳಿದೆ.

ಮಾರ್ಚ್ 11, ಮಂಗಳವಾರ

ಆ ಸಾಲು ತಿದ್ದಿದೆ. ಇನ್ನು ಮೇಲೆ 38.9 ಎಂದರೆ 389. ಚುಕ್ಕಿ ಎರಡು ಸಲ ಬಿದ್ದರೆ, ಅಕ್ಷರ ಬಂದರೆ, ಖಾಲಿ ಬಿಟ್ಟರೆ ನಿಂತು ಕೇಳುತ್ತದೆ. ಕೆಂಪು ಬಣ್ಣ ತೆಗೆದುಹಾಕಿದೆ. ಏಳು ನಿಮಿಷ ಹಿಡಿಯಿತು.

ಮಾರ್ಚ್ 12, ಬುಧವಾರ

ತಂಗಿ ಸ್ನಾನಕ್ಕೆ ಹೋಗುವಾಗ ಕಾಲನ್ನು ಬಿಚ್ಚಿ ಮಂಚಕ್ಕೆ ಒರಗಿಸುತ್ತಾಳೆ. ಬೂಟು ಅದಕ್ಕೆ ಹಾಕಿದ್ದು ಹಾಕಿದ ಹಾಗೇ ಇರುತ್ತದೆ. ಬೂಟು ಕಳಚಿ, ಮೂರು ಹಾಳೆಗಳನ್ನು ಅದರ ಅಟ್ಟೆಯ ಆಕಾರಕ್ಕೆ ಕತ್ತರಿಸಿ ಒಳಗೆ ಹಾಸಿ, ಮತ್ತೆ ತೊಡಿಸಿದೆ. ಲೇಸನ್ನು ಅವಳು ಕಟ್ಟುವ ಹಾಗೆಯೇ ಎರಡು ಸುತ್ತು ಕಟ್ಟಿದೆ.

ಅವಳು ಹೊರಗೆ ಬಂದು ಕಾಲು ತೊಟ್ಟು ಎದ್ದಳು. ಅಡುಗೆಮನೆಗೆ ಹೋದಳು, ಬಂದಳು, ಮತ್ತೆ ಹೋದಳು. ಬಾಗಿಲಿನಲ್ಲಿ ನಿಂತು, "ಅಕ್ಕ, ಇವತ್ತು ನೆಲ ಸರಿ ಇದೆ ಕಣೆ" ಅಂದಳು.

ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಹಾಗಾದರೆ ಒಳ್ಳೆಯದಾಯಿತು ಅಂದೆ.

"ನೀನು ಹೇಳ್ತಿದ್ದದ್ದೇ ಸರಿ. ಅಭ್ಯಾಸ ಕೊನೆಗೂ ಹಿಡೀತು" ಅಂದಳು. ಫ್ರಿಜ್ಜಿನ ಪಟ್ಟಿಯಲ್ಲಿ ತಾನೇ ನಲವತ್ತು ಎಂದು ಬರೆದಳು.

ಮಾರ್ಚ್ 15, ಶನಿವಾರ

ಅವಳು ಇವತ್ತು ಮೂರು ಕಿಲೋಮೀಟರು ನಡೆದಳು. ಐವತ್ತೆರಡು ನಿಮಿಷ. ಸೊಂಟ ನೋಯಲಿಲ್ಲವಂತೆ. ಬರುತ್ತ ನನಗೆ ಒಂದು ಪುಸ್ತಕ ತಂದಳು, ಪಟ್ಟಿ ಬರೆದದ್ದಕ್ಕೆ ಬಹುಮಾನವಂತೆ. ಅನುವಾದ. ಮುನ್ನೂರು ಪುಟ. ತೆರೆದಿಲ್ಲ.

ಮಾರ್ಚ್ 17, ಸೋಮವಾರ

ಇದನ್ನು ನಾನು ಊಹಿಸಿರಲಿಲ್ಲ.

ಕಾರ್ಯಾಗಾರದ ನಡಿಗೆ ಕೋಣೆಯಲ್ಲಿ ಅವಳಿಗೆ ಪರಿಚಯವಾದ ಒಬ್ಬ ಟೈಲರ್ ಇದ್ದಾರೆ, ಐವತ್ತು ದಾಟಿದವರು. ನಾಲ್ಕು ತಿಂಗಳ ಹಿಂದೆ ಕಾಲನ್ನು ಬಿಚ್ಚಿ ಬೀರುವಿನ ಮೇಲಿಟ್ಟು ಊರುಗೋಲಿಗೆ ಮರಳಿದ್ದಾರೆ. ಸಂಜೆ ತಂಗಿ ಅವರಿಗೆ ಫೋನು ಮಾಡಿದಳು. ನಾನು ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ.

"ಟೈಲರಣ್ಣ, ಸೋಮಾರಿತನ ಬಿಡಿ. ನಾನೂ ನಿಮ್ಮ ಹಾಗೇ ನೆಲದ ಮೇಲೆ, ಗೋಡೆ ಮೇಲೆ ತಪ್ಪು ಹೊರಿಸ್ತಿದ್ದೆ. ತಪ್ಪು ನಮ್ಮದೇ. ನಮ್ಮಕ್ಕನ ಹತ್ರ ಪಟ್ಟಿ ಬರೆಸ್ಕೊಂಡು ಕಳಿಸ್ತೀನಿ. ದಿನಕ್ಕೆ ನಲವತ್ತು ನಿಮಿಷ, ಅಳುತ್ತಾದರೂ ಮಾಡಿ."

ಆ ಕಡೆಯಿಂದ ಅವರು ಏನೋ ಹೇಳಿದರು, ಬಹಳ ಹೊತ್ತು. ಆಮೇಲೆ ಇವಳು, "ಆಯ್ತು, ನಾಳೆಯಿಂದಲೇ" ಅಂದಳು.

ಪಟ್ಟಿಯಲ್ಲಿ ಹುಡುಕಿದೆ. ಟೈಲರ್: 42.7. ಕತ್ತರಿಸಿದ್ದು 420.

ಅವರು ನಾಳೆಯಿಂದ ನಲವತ್ತು ನಿಮಿಷ ನಡೆಯುತ್ತಾರೆ.

ಮಾರ್ಚ್ 18, ಮಂಗಳವಾರ

ಕಾರ್ಯಾಗಾರಕ್ಕೆ ಹೋಗಿ ಮ್ಯಾನೇಜರಿಗೆ ಎಲ್ಲ ಹೇಳಿದೆ. ಪಟ್ಟಿ ತೆಗೆದುಕೊಂಡು ಹೋಗಿದ್ದೆ. ಮೇಸ್ತ್ರಿ ಹೋದ ನಂತರದ ಎಂಬತ್ತೊಂದರಲ್ಲಿ ಏಳು ಮಾತ್ರ ಸರಿ, ಅಳತೆಯೇ ಸೊನ್ನೆಯಲ್ಲಿ ಮುಗಿದಿದ್ದವು. ಉಳಿದ ಎಪ್ಪತ್ನಾಲ್ಕು ಗಿಡ್ಡ. ಆಕೆ ಮೊದಲು ಕೇಳಿದ್ದು ಇನ್ನೂ ಯಾರಿಗೆ ಗೊತ್ತು ಎಂದು. ಆಮೇಲೆ, ದೂರು ಕೊಟ್ಟವರಿಗೆ ಮಾತ್ರ ಸದ್ದಿಲ್ಲದೆ ಸರಿಮಾಡಿಕೊಟ್ಟರೆ ಸಾಲದೇ ಅಂದರು. ಗಟ್ಟಿಯಾಗಿ ಹೇಳಲಿಲ್ಲ, ತಮಗೇ ಕೇಳಿಸಬಾರದು ಎನ್ನುವ ಹಾಗೆ ಹೇಳಿದರು. ದೂರು ಕೊಟ್ಟವರು ಅರವತ್ತಮೂರು ಜನ, ಎಲ್ಲರ ಹೆಸರಿನ ಮುಂದೆಯೂ "ಅಭ್ಯಾಸ ಕಡಿಮೆ" ಎಂದು ದಾಖಲಾಗಿದೆ ಎಂದು ತೋರಿಸಿದೆ.

ಟೇಪಕ್ಕನನ್ನು ಕರೆಸಿದರು. ಯಾಕೆ ಹಾಗೆ ದಾಖಲಿಸಿದೆ ಎಂದು ಮ್ಯಾನೇಜರ್ ಕೇಳಿದಾಗ ಟೇಪಕ್ಕ ಅವರನ್ನು ನೋಡದೆ ನನ್ನನ್ನು ನೋಡಿದಳು.

"ಜನ ನೆಲ ಓರೆ ಅಂತಿದ್ರು ಮೇಡಂ. ದೂರಿಗೆ ಅಂತ ನೀವು ಒತ್ತೋಕೆ ಕೊಟ್ಟಿದ್ದು ಮೂರೇ ಮೂರು ಬಟನ್ನು. ಚರ್ಮ ಉರಿ, ಸಡಿಲ, ಅಭ್ಯಾಸ ಕಡಿಮೆ. ನೆಲಕ್ಕೆ ಜಾಗ ಇರ್ಲಿಲ್ಲ. ಬರೆಯೋಕೆ ಒಂದು ಖಾಲಿ ಚೌಕ ಹಾಕಿಕೊಡಿ ಅಂತ ಕೇಳಿದ್ದೆ. ಖಾಲಿ ಚೌಕ ಕೊಟ್ರೆ ಜನ ಏನೇನೋ ಬರೀತಾರೆ ಅಂದ್ರಿ."

ಅಂದಿದ್ದೆ. ಮಾತೂ ಅದೇ.

ಮ್ಯಾನೇಜರ್ ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಎಲ್ಲ ಎಪ್ಪತ್ನಾಲ್ಕು ಜನರನ್ನೂ ಕರೆಯೋಣ ಅಂದರು. ದಿನಕ್ಕೆ ನಾಲ್ಕು ಕಾಲು ಬಿಚ್ಚಿ ಕಟ್ಟಬಹುದು. ಫೋನು ನಾನು ಮಾಡುತ್ತೇನೆ ಅಂದೆ.

ಮಾರ್ಚ್ 20, ಗುರುವಾರ

ತಂಗಿಗೆ ಹೇಳಿದೆ. ಸಂಜೆ ಆರು ಗಂಟೆ, ಅವಳು ಕೆಲಸದಿಂದ ಬಂದು ಕೂತಿದ್ದಳು. ಬೂಟಿನೊಳಗೆ ಕೈಹಾಕಿ ನೋಡು ಅಂದೆ.

ಮೂರೂ ಹಾಳೆಗಳನ್ನು ಹೊರಗೆ ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ನಾನು ಮೊದಲಿನಿಂದ ಕೊನೆಯವರೆಗೆ ಹೇಳಿದೆ, ಚುಕ್ಕಿ, ಪೂರ್ಣಾಂಕ, ಮೇಸ್ತ್ರಿ, ಎಲ್ಲ. ಅವಳು ಎದ್ದು ಹಾಳೆಯಿಲ್ಲದೆ ನಾಲ್ಕು ಹೆಜ್ಜೆ ಹಾಕಿದಳು. ಹಾಳೆ ಹಾಕಿಕೊಂಡು ನಾಲ್ಕು ಹೆಜ್ಜೆ. ಮತ್ತೆ ತೆಗೆದು ನಾಲ್ಕು. ನಾನು ನೋಡುತ್ತ ಕೂತಿದ್ದೆ. ಹತ್ತು ತಿಂಗಳು ಒಂದೇ ಮನೆಯಲ್ಲಿದ್ದೂ ಅವಳ ಬಲಗಡೆಯ ಸೊಂಟ ಅಷ್ಟು ಮೇಲೇಳುವುದನ್ನು ನಾನು ಇವತ್ತೇ ನೋಡಿದ್ದು.

"ಯಾವತ್ತು ಗೊತ್ತಾಯ್ತು?"

"ಐದನೇ ತಾರೀಖು."

ಬೆರಳು ಮಡಿಸಿ ಎಣಿಸಿದಳು. "ಹತ್ತು ತಿಂಗಳು ನಿನಗೆ ಗೊತ್ತಿರ್ಲಿಲ್ಲ. ಅದನ್ನ ಬಿಡ್ತೀನಿ. ಹದಿನೈದು ದಿನ ಗೊತ್ತಿತ್ತು. ಟೈಲರಣ್ಣನಿಗೆ ನಾನು ಬೈತಿದ್ದಾಗ ಪಕ್ಕದ ಕೋಣೇಲಿ ಬಟ್ಟೆ ಮಡಿಸ್ತಿದ್ದೆ."

ಫ್ರಿಜ್ಜಿನಿಂದ ಪಟ್ಟಿ ಕಿತ್ತು ನನ್ನ ಮುಂದಿಟ್ಟು ಒಳಗೆ ಹೋದಳು. ಹರಿದು ಎಸೆದಿದ್ದರೆ ಸುಲಭವಿತ್ತು. ನಾಲ್ಕೂ ಮೂಲೆಯ ಅಂಟು ಬಿಡಿಸಿ ನೀಟಾಗಿ ಇಟ್ಟಿದ್ದಳು.

ಮಾರ್ಚ್ 21, ಶುಕ್ರವಾರ

ಟೈಲರಿಗೆ ಮೊದಲು ಫೋನು ಮಾಡಿದೆ. ಮೂರು ದಿನ ನಡೆದಿದ್ದಾರೆ. ಮೊಣಕಾಲು ಊದಿದೆ.

ತಂಗಿ ಮಾತಾಡುತ್ತಿಲ್ಲ. ಬೇಕಾದ್ದನ್ನು ಕೇಳುತ್ತಾಳೆ, ಉಪ್ಪು, ಬೀಗದ ಕೈ. ಅಕ್ಕ ಅನ್ನುವುದಿಲ್ಲ.

ಮಾರ್ಚ್ 25, ಮಂಗಳವಾರ

ಐವತ್ತೆಂಟು ಜನರಿಗೆ ಫೋನು ಮುಗಿಯಿತು. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದವರು ಒಂಬತ್ತು ಜನ. ಉಳಿದವರಲ್ಲಿ ಹೆಚ್ಚಿನವರು ಇಷ್ಟು ದಿನ ಯಾರಿಗೂ ಹೇಳದ್ದನ್ನು ಹೇಳತೊಡಗುತ್ತಾರೆ. ನಾನು ಬರೆದುಕೊಳ್ಳುತ್ತೇನೆ. ಮೆಟ್ಟಿಲು ಇಳಿಯುವಾಗ ಯಾರೋ ಹಿಂದಿನಿಂದ ಮೆಲ್ಲಗೆ ತಳ್ಳಿದ ಹಾಗೆ. ಒಂದು ಕಾಲಿಗೆ ಮಾತ್ರ ಗುಂಡಿ ತೋಡಿದ ಹಾಗೆ. ದೋಣಿಯಲ್ಲಿ ನಿಂತ ಹಾಗೆ. ಚಾಲಕಿಯೊಬ್ಬಳು, ಸಾಲಿನಲ್ಲಿ ನಿಂತರೆ ಮುಂದಿನವರ ಬೆನ್ನೆಲ್ಲ ವಾಲಿದ ಹಾಗೆ ಕಾಣುತ್ತಿತ್ತು, ಕಣ್ಣಿನ ಡಾಕ್ಟರ ಹತ್ತಿರ ಹೋಗಿಬಂದೆ ಅಂದಳು. ಒಬ್ಬ ಮುದುಕಿ ಕೇಳಿದ್ದು ಇಷ್ಟೇ: "ಹಾಗಾದ್ರೆ ನಾನು ಸುಳ್ಳು ಹೇಳಿರ್ಲಿಲ್ಲ ಅಂತ ನನ್ನ ಸೊಸೆಗೆ ನೀವೇ ಹೇಳ್ತೀರಾ?" ಸೊಸೆಯನ್ನು ಕರೆಸಿ ಹೇಳಿದೆ.

ದೂರು ಬರೆಯಲು ಟೇಪಕ್ಕ ಕೇಳಿದ್ದ ಖಾಲಿ ಚೌಕ ಹಾಕಿಕೊಟ್ಟೆ. ಎಷ್ಟು ಅಕ್ಷರ ಎಂದು ಮಿತಿ ಹಾಕಿಲ್ಲ.

ಕತ್ತರಿಸುವ ಸರದಿಯಲ್ಲಿ ತಂಗಿಯ ಹೆಸರನ್ನು ಮ್ಯಾನೇಜರೇ ಮೊದಲು ಹಾಕಿದ್ದರು, ಪರೀಕ್ಷೆ ಇದೆ ಎಂದು. ತಂಗಿ ಕಾರ್ಯಾಗಾರಕ್ಕೆ ತಾನೇ ಹೋಗಿ ಆ ಜಾಗವನ್ನು ಟೈಲರಿಗೆ ಬರೆಸಿಕೊಟ್ಟಳು. ತನ್ನ ಸರದಿ ಏಪ್ರಿಲ್ಲಿಗೆ. ಟೇಪಕ್ಕನಿಂದ ತಿಳಿಯಿತು.

ಮಾರ್ಚ್ 26, ಬುಧವಾರ

ಮೇಸ್ತ್ರಿಯ ಮನೆಗೆ ಹೋದೆ. ಈ ಸಲ ನಿಂತುಕೊಂಡೇ ಹೇಳಿದೆ, ಕೂತರೆ ಹೇಳಲಾರೆ ಎಂದು.

"ಅಂದ್ರೆ ನನ್ನ ಕೈ ಸರಿಯಿತ್ತಾ?" ಎಂದರು.

"ಸರಿಯಿತ್ತು."

"ಎಲ್ಲಾ ದಿನವೂ?"

"ಎಲ್ಲಾ ದಿನವೂ."

ಎರಡೂ ಕೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ನೋಡಿದರು, ಯಾರೋ ಆಗಷ್ಟೇ ತಂದುಕೊಟ್ಟ ಹಾಗೆ. ಕೊನೆಗೆ ಒಳಗಿದ್ದ ಮಗಳನ್ನು ಕರೆದು, ನಾಳೆ ಆರೂವರೆಗೆ ಎಬ್ಬಿಸು, ಕಾರ್ಯಾಗಾರದಲ್ಲಿ ಕೆಲಸ ಇದೆ ಅಂದರು.

ಮಾರ್ಚ್ 28, ಶುಕ್ರವಾರ

ಅವಳು ಎಂಟು ಗಂಟೆಗೆ ಹೋದಳು. ಬಾ ಅನ್ನಲಿಲ್ಲ, ಬರಬೇಡ ಎಂದೂ ಅನ್ನಲಿಲ್ಲ. ಮೇಜಿನ ಮೇಲೆ ಹಾಳೆಗಳಿರಲಿಲ್ಲ, ಅಂದರೆ ಬೂಟಿನಲ್ಲಿವೆ.

ಓದಲು ನೋಡಿದೆ. ಒಂದೇ ಪುಟವನ್ನು ಒಂಬತ್ತು ಗಂಟೆಯಿಂದ ಹತ್ತೂಕಾಲಿನ ತನಕ.

ಬಾಗಿಲು ತೆಗೆದ ಸದ್ದು ಹತ್ತೂವರೆಗೆ. ಕುರ್ಚಿಯಲ್ಲಿ ಕೂತು ಲೇಸು ಬಿಚ್ಚಿದಳು. ನಾನು ಕೇಳಲಿಲ್ಲ. ಅವಳೇ, "ನಲವತ್ತೊಂಬತ್ತು" ಅಂದಳು. ಸೋಮವಾರದಿಂದ ಹಳೆಯ ಬೀದಿಗಳು. ನೀರು ತಂದುಕೊಟ್ಟೆ. ಎರಡು ಲೋಟ ಕುಡಿದಳು. ಗಡಿಯಾರ ಹಿಡಿದು ನಿಂತಿದ್ದವನು ಕೊನೆಯ ತಿರುವಿನಲ್ಲಿ ಇವಳಿಗಿಂತ ಹೆಚ್ಚು ಬೆವರಿದ್ದನಂತೆ.

ಆಮೇಲೆ ಅವಳು ಬಲಗಡೆಯ ಸೊಂಟವನ್ನು ಉಜ್ಜಿಕೊಳ್ಳುತ್ತ, "ಅಕ್ಕ, ಇಲ್ಲಿ ಒಂಥರಾ ಆಗ್ತಿದೆ" ಅಂದಳು.

ಕುರ್ಚಿ ಹತ್ತಿರ ಎಳೆದುಕೊಂಡೆ. ಹೇಳು ಅಂದೆ.

ಅವಳು ಹೇಳಿದ್ದು, ಹೇಳಿದ ಹಾಗೆ: "ನೋವಲ್ಲ. ಇಷ್ಟು ದಿನ ಒಂದು ಬಿಂದಿಗೆ ಹೊತ್ಕೊಂಡಿದ್ದೆ, ಈಗ ಯಾರೋ ಇಳಿಸ್ಕೊಂಡ್ರು, ಆದ್ರೆ ಸೊಂಟ ಇನ್ನೂ ಬಿಂದಿಗೆಗೆ ಅಂತಲೇ ಸ್ವಲ್ಪ ಜಾಗ ಬಿಟ್ಕೊಂಡು ನಡೀತಿದೆ."